ಓಟ್ಸ್ : ಅದರ ಬಗೆಗಳು ಮತ್ತು ಪಾಕಕ್ರಮ

ಸಿಹಿಮೂತ್ರರೋಗವುಳ್ಳವರು ಓಟ್ಸ್ ಸೇವಿಸಬೇಕೆಂಬ ಸಲಹೆ ಈಗ ನಮ್ಮ ಹಳ್ಳಿಗಳವರೆಗೂ ಬಂದು ಮುಟ್ಟಿದೆ. ಆದರೆ ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವ ಪದಾರ್ಥ ಒಂದೇ ಅಲ್ಲ. ಮುಖ್ಯವಾಗಿ ನಾಲ್ಕು ಬಗೆ. ಅವುಗಳ ಭೇದವನ್ನು ಪೊಟ್ಟಣದ ಮೇಲೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಅಚ್ಚುಮಾಡಿರುತ್ತಾರೆ. ಬೇಯಿಸುವವರು ನನ್ನ ತಾಯಿಯಂತೆ ಆ ಅಕ್ಷರ ಕಲಿಯದವರಾದರೆ, ಮೂವತ್ತು ವರ್ಷ ಸೌಟು ಹಿಡಿದ ಅನುಭವವೂ ಅಲ್ಲಿ ನೆರವಿಗೆ ಬಾರದು. ಆದುದರಿಂದ ಈ ವಿಷಯವನ್ನು ನಮ್ಮ ಅಡಿಗೆಮನೆಯ ಮಾತಿನಲ್ಲಿಯೇ ವಿವರಿಸಲು ಯತ್ನಿಸಿದ್ದೇನೆ.

ಓಟ್ಸ್ ಶೀತಪ್ರದೇಶದ ಬೆಳೆ. ಗೋಧಿ ಸರಿಯಾಗಿ ಮಾಗದ, ಮಳೆಯೂ ಚಳಿಯೂ ಹೆಚ್ಚಾದ ಸ್ಕಾಟ್ಲೆಂಡಿನಲ್ಲಿ ಅದು ಶತಮಾನಗಳ ಕಾಲ ಬಡಜನರ ಮುಖ್ಯ ಆಹಾರವಾಗಿತ್ತು. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟರು ತಾವೇ ಉಣ್ಣುತ್ತಾರೆಂದು ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಪರಿಹಾಸ್ಯ ಮಾಡಿದ್ದುಂಟು. ರಾಗಿ ಉಣ್ಣುವವರನ್ನು ಕಂಡು ನಗುವ ಅಕ್ಕಿಯವರು ನಮ್ಮಲ್ಲಿಯೂ ಇದ್ದರಷ್ಟೆ!

ಹೊಟ್ಟು ತೆಗೆದ ಓಟ್ಸ್ ಕಾಳಿನಲ್ಲಿ ಅಕ್ಕಿ ಗೋಧಿಗಳಿಗಿಂತ ಜಿಡ್ಡು ಹೆಚ್ಚು. ಆ ಜಿಡ್ಡನ್ನು ಒಡೆಯುವ ಕಿಣ್ವವೂ ಅದರಲ್ಲಿಯೇ ಉಂಟು. ಹಾಗೆಯೇ ಬಿಟ್ಟರೆ ಕಮಟು ವಾಸನೆ ಹುಟ್ಟುತ್ತದೆ. ಅದಕ್ಕಾಗಿ ಕಾರ್ಖಾನೆಯಲ್ಲಿ ಹಬೆ ಮತ್ತು ಶಾಖ ಕೊಟ್ಟು ಕಿಣ್ವವನ್ನು ಅಡಗಿಸುತ್ತಾರೆ. ಬಗೆಗಳು ಬೇರೆಯಾಗುವುದು ಆಮೇಲೆ ಯಂತ್ರ ಮಾಡುವ ಕೆಲಸದಿಂದ, ಬೀಜದಿಂದಲ್ಲ.

ಉಕ್ಕಿನ ಅಲಗಿನಿಂದ ಕಾಳನ್ನು ಎರಡು ಮೂರು ತುಂಡಾಗಿ ಕತ್ತರಿಸಿದರೆ ಅದು ಸ್ಟೀಲ್ ಕಟ್ ಓಟ್ಸ್. ನಮ್ಮ ಗೋಧಿನುಚ್ಚಿನ ಜಾತಿ. ಇಡಿಯ ಕಾಳನ್ನು ಹಬೆಯಲ್ಲಿ ಮೆದುಮಾಡಿ ಉರುಳೆಗಳ ನಡುವೆ ಚಪ್ಪಟೆಯಾಗಿಸಿದರೆ ರೋಲ್ಡ್ ಓಟ್ಸ್. ಇದನ್ನು ಗಟ್ಟಿ ಅವಲಕ್ಕಿ ಎನ್ನಬಹುದು. ಮೊದಲು ತುಂಡರಿಸಿ, ಬಳಿಕ ತೆಳುವಾಗಿ ಒತ್ತಿದ್ದು ಕ್ವಿಕ್ ಓಟ್ಸ್, ಅಂದರೆ ತೆಳು ಅವಲಕ್ಕಿ. ಅಮೆರಿಕದ ಕ್ವೇಕರ್ ಕಂಪನಿ ಇದನ್ನು 1922ರಲ್ಲಿ ಮಾರಾಟಕ್ಕೆ ತಂದಿತು. ಇನ್ನು ಮೊದಲೇ ಬೇಯಿಸಿ ಒಣಗಿಸಿದ ಇನ್‌ಸ್ಟಂಟ್ ಬಗೆಗೆ ಬಿಸಿನೀರು ಸುರಿದರೆ ಸಾಕು. ಅದಕ್ಕೆ ಸಕ್ಕರೆಯನ್ನೋ ಉಪ್ಪು ಮಸಾಲೆಯನ್ನೋ ಬೆರೆಸಿರುವುದು ಸಾಮಾನ್ಯ.

ನುಚ್ಚಿನ ಬಗೆಗೆ ಒಂದಕ್ಕೆ ಮೂರರಿಂದ ನಾಲ್ಕು ಪಾಲು ನೀರು, ಸಣ್ಣ ಉರಿಯಲ್ಲಿ 25-30 ನಿಮಿಷ ಬೇಕು. ರಾತ್ರಿ ನೆನೆಹಾಕಿದರೆ ಇಷ್ಟು ಹೊತ್ತು ಹಿಡಿಯದು. ನೊರೆಯೆದ್ದು ಉಕ್ಕುವ ಸ್ವಭಾವವಿರುವುದರಿಂದ ದೊಡ್ಡ ಪಾತ್ರೆ ಲೇಸು. ರೋಲ್ಡ್ ಬಗೆಗೆ ಎರಡು ಪಾಲು ನೀರು, ಐದರಿಂದ ಎಂಟು ನಿಮಿಷ. ಕ್ವಿಕ್ ಬಗೆಯಾದರೆ ನೀರು ಕುದಿದ ಮೇಲೆ ಹಾಕಿ, ಎರಡು ಮೂರು ನಿಮಿಷಕ್ಕೆ ಇಳಿಸಬಹುದು. ಈ ಧಾನ್ಯದಲ್ಲಿರುವ ಬೀಟಾಗ್ಲೂಕನ್ ಎಂಬ ನಾರು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ತಿರುವಿದಷ್ಟೂ ಲೋಳೆ ಹೆಚ್ಚು. ಗಂಜಿ ಬೇಕಾದವರು ಕೈಬಿಡದೆ ತಿರುವಬೇಕು. ಉಪ್ಪಿಟ್ಟು ಬೇಕಾದವರು ರೋಲ್ಡ್ ಓಟ್ಸನ್ನು ಮೊದಲು ಹುರಿದು, ನೀರನ್ನು ಒಂದಕ್ಕೆ ಒಂದರಷ್ಟಕ್ಕೆ ಇಳಿಸಿ, ಸೌಟನ್ನು ಆದಷ್ಟು ದೂರವಿಡಬೇಕು. ಸ್ಕಾಟ್ಲೆಂಡಿನಲ್ಲಿ ಗಂಜಿ ತಿರುವಲು ಸ್ಪರ್ಟಲ್ ಎಂಬ ಮರದ ಕೋಲೇ ಇದೆ. ನಮ್ಮ ಮುದ್ದೆಕೋಲಿನ ಸಣ್ಣ ತಮ್ಮನೆನ್ನಿ. ಅಲ್ಲಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಗಂಜಿ ಬೇಯಿಸುವ ಪಂದ್ಯವನ್ನು ನಡೆಸುತ್ತಿದ್ದಾರೆ. ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್, ನೀರು, ಉಪ್ಪು ಇವು ಮೂರೇ.

ರೋಗಿಗೆ ಉಪಕಾರ ಮಾಡುವುದು ಈ ಲೋಳೆಯೇ. ಅದು ಜೀರ್ಣಕ್ರಿಯೆಯನ್ನು ನಿಧಾನಗೊಳಿಸಿ, ರಕ್ತದಲ್ಲಿ ಸಕ್ಕರೆ ತಟಕ್ಕನೆ ಏರದಂತೆ ತಡೆಯುತ್ತದೆ. ಆದರೆ ಕಾಳು ಸಣ್ಣದಾಗಿ, ಮೊದಲೇ ಬೆಂದು ಬಂದಷ್ಟೂ ಈ ಗುಣ ಕುಂದುತ್ತದೆ. ಗ್ಲೂಕೋಸಿನ ವೇಗವನ್ನು 100 ಎಂದಿಟ್ಟುಕೊಂಡರೆ ನುಚ್ಚು ಮತ್ತು ರೋಲ್ಡ್ ಬಗೆಗಳ ಗಂಜಿ 55ರ ಆಸುಪಾಸಿನಲ್ಲಿರುತ್ತದೆ. ಇನ್‌ಸ್ಟಂಟಿನದು 75ನ್ನು ದಾಟುತ್ತದೆ. ಬರಿಯ 'ಓಟ್ಸ್ ತಿನ್ನಿ' ಎಂಬ ಸಲಹೆ ಅರ್ಧ ಸಲಹೆ ಎಂದೇ ನನ್ನ ಅಭಿಪ್ರಾಯ.

ಇಂಗ್ಲಿಷ್ ಬಾರದವರಿಗೂ ಬಗೆಯನ್ನು ಗುರುತಿಸುವ ಉಪಾಯವೊಂದುಂಟು. ಬೇಯಿಸುವ ನಿಮಿಷವನ್ನು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಅಂಕೆಯಲ್ಲಿ ಹಾಕಿರುತ್ತಾರೆ. ಅದು 2 ಅಥವಾ 3 ಆಗಿದ್ದರೆ ತೆಳು ಬಗೆ. 20ಕ್ಕೆ ಮೇಲಿದ್ದರೆ ನುಚ್ಚು. ಅಂಕೆ ಕಾಣದಿದ್ದರೆ ಒಂದು ಚಿಟಿಕೆ ಅಂಗೈಗೆ ಹಾಕಿ ನೋಡಬಹುದು. ಬಿಲ್ಲೆಗಳು ದುಂಡಗೆ, ಇಡಿಯಾಗಿದ್ದರೆ ರೋಲ್ಡ್. ಚೂರು ಚೂರಾಗಿ ತೆಳ್ಳಗಿದ್ದರೆ ಕ್ವಿಕ್.