ಹೇಳದಿರುವುದು ಬೇರೆ, ಸೊನ್ನೆ ಎನ್ನುವುದು ಬೇರೆ

ಹೋಟೆಲಿನಲ್ಲಿ ಕುಳಿತು "ಒಂದು ಕಾಫಿ" ಎಂದಷ್ಟೇ ಹೇಳಿದರೆ ಸಕ್ಕರೆ ಬೆರೆಸಿದ ಕಾಫಿ ಬರುತ್ತದೆ. ಸಕ್ಕರೆಯ ವಿಷಯದಲ್ಲಿ ನಾವು ಮೌನವಾಗಿದ್ದುದರಿಂದ ಮಾಣಿಯು ರೂಢಿಯ ಪ್ರಮಾಣವನ್ನು ತಾನೇ ಗ್ರಹಿಸುತ್ತಾನೆ. "ಸಕ್ಕರೆ ಬೇಡ" ಎಂದರೆ ಹಾಗಲ್ಲ. ಆಗ ನಾವು ಸೊನ್ನೆ ಎಂಬ ಪ್ರಮಾಣವನ್ನೇ ತಿಳಿಸಿದಂತಾಯಿತು. ಈ ಅಂತರವನ್ನು ಮರೆತರೆ ಗಣಕದ ಕ್ರಮವಿಧಿಯು ಹೇಗೆ ತಪ್ಪುತ್ತದೆ ಎಂಬುದನ್ನು ಈಗ ವಿಚಾರಿಸೋಣ.

ಗಣಕಕ್ಕೆ ಒಂದು ಸಾಲಿನಲ್ಲಿ ಆಜ್ಞೆಯನ್ನು ಬರೆದು ಕ್ರಮವಿಧಿಯನ್ನು ನಡೆಸುವಾಗ, ಅದರ ಹೆಸರಿನ ಮುಂದೆ ಒದಗಿಸುವ ಬೆಲೆಗಳಿಗೆ ಆರ್ಗ್ಯುಮೆಂಟುಗಳೆಂದು ಹೆಸರು. ಯಾವುದಾದರೊಂದನ್ನು ಕೊಡದೆ ಬಿಟ್ಟಾಗ ಕ್ರಮವಿಧಿಯು ತಾನಾಗಿಯೇ ಹಿಡಿಯುವ ಬೆಲೆಯು ಡಿಫಾಲ್ಟ್ ಬೆಲೆ ಎನಿಸುತ್ತದೆ.

ನೇರವಾಗಿ ಕೆಳಕ್ಕೆಸೆದ ಕಲ್ಲು ನೆಲವನ್ನು ಮುಟ್ಟಲು ತಗಲುವ ಕಾಲವನ್ನು ಗುಣಿಸುವ ಕ್ರಮವಿಧಿಯೊಂದನ್ನು ಪೈಥಾನ್ ಭಾಷೆಯಲ್ಲಿ ಬರೆದೆವೆಂದು ಭಾವಿಸೋಣ. ಎತ್ತರ, ಆರಂಭದ ವೇಗ ಇವೆರಡೂ ಆರ್ಗ್ಯುಮೆಂಟುಗಳು. ವೇಗವನ್ನು ಕೊಡದಿದ್ದರೆ ಸೆಕೆಂಡಿಗೆ 10 ಮೀಟರ್ ಎಂದು ಹಿಡಿಯಬೇಕು. ಇದಕ್ಕಾಗಿ "ಕೊಟ್ಟ ವೇಗ ಆರ್ 10" ಎಂದು ಬರೆಯುವ ಆಸೆ ಸಹಜ. 'ಆರ್' ಎಂದರೆ 'ಅಥವಾ'. ಎಡಗಡೆಯ ಬೆಲೆಯು ಸುಳ್ಳೆನಿಸಿದರೆ ಬಲಗಡೆಯದನ್ನು ಆರಿಸುವುದು ಅದರ ಕೆಲಸ. ಏನನ್ನೂ ಕೊಡದಿದ್ದಾಗ ದೊರೆಯುವ 'ನನ್' ಎಂಬುದು ಸುಳ್ಳು, ನಿಜ. ಆದರೆ ಪೈಥಾನಿನಲ್ಲಿ 0 ಎಂಬ ಸಂಖ್ಯೆಯೂ ಸುಳ್ಳೇ!

ಈಗ 19.6 ಮೀಟರ್ ಎತ್ತರದಿಂದ ಕಲ್ಲನ್ನು ಎಸೆಯದೆ ಸುಮ್ಮನೆ ಕೈಬಿಡುತ್ತೇವೆ. ವೇಗ 0 ಎಂದು ಕೊಡುತ್ತೇವೆ. ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಹಿಡಿದರೆ ಸರಿಯಾದ ಉತ್ತರ 2 ಸೆಕೆಂಡು. ಕ್ರಮವಿಧಿಯಾದರೋ ನಮ್ಮ ಸೊನ್ನೆಯನ್ನು ಮೌನವೆಂದು ಬಗೆದು, 10ನ್ನು ಹಿಡಿದು, ಸುಮಾರು 1.22 ಸೆಕೆಂಡು ಎನ್ನುತ್ತದೆ. ದೋಷದ ಸೂಚನೆ ಯಾವುದೂ ಇಲ್ಲ. ಉತ್ತರವು ಅಸಂಭವವೆಂದೂ ತೋರುವುದಿಲ್ಲ. ಪ್ರಯೋಗದೊಡನೆ ಹೋಲಿಸಿದ ವಿದ್ಯಾರ್ಥಿಯು ತನ್ನ ಗಡಿಯಾರವನ್ನೇ ಶಂಕಿಸಿಯಾನು.

ಪರಿಹಾರವು ಸುಲಭ. ಪೈಥಾನಿನೊಡನೆಯೇ ಬರುವ 'ಆರ್ಗ್‌ಪಾರ್ಸ್' ಎಂಬ ಸಾಧನದಲ್ಲಿ ಪ್ರತಿಯೊಂದು ಆರ್ಗ್ಯುಮೆಂಟನ್ನು ಘೋಷಿಸುವಾಗಲೇ ಅದರ ಡಿಫಾಲ್ಟ್ ಬೆಲೆಯನ್ನೂ ನಮೂದಿಸಬಹುದು. ಆರ್ಗ್ಯುಮೆಂಟು ಬಾರದಿದ್ದಾಗ ಮಾತ್ರ ಆ ಬೆಲೆ ಬಳಕೆಗೆ ಬರುತ್ತದೆ; ಕೊಟ್ಟ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ನಾವೇ ಪರೀಕ್ಷಿಸುವುದಾದರೆ "ಬೆಲೆಯು ಸುಳ್ಳೇ?" ಎಂದು ಕೇಳದೆ "ಬೆಲೆಯು ನನ್ ಆಗಿದೆಯೇ?" ಎಂದು ಕೇಳಬೇಕು. ಉತ್ತರದ ಜೊತೆಗೆ, ಬಳಸಿದ ಬೆಲೆಗಳನ್ನೂ ಅಚ್ಚುಮಾಡಿಸುವುದು ಒಳ್ಳೆಯ ಅಭ್ಯಾಸ.

ವಾಚಕರು ತಮ್ಮ ಕ್ರಮವಿಧಿಯನ್ನು ಅದೇ ಎತ್ತರಕ್ಕೆ ಮೂರು ಸಲ ನಡೆಸಿ ನೋಡಲಿ: ವೇಗವನ್ನು ಕೊಡದೆ ಒಮ್ಮೆ, 10 ಎಂದು ಕೊಟ್ಟು ಒಮ್ಮೆ, 0 ಎಂದು ಕೊಟ್ಟು ಇನ್ನೊಮ್ಮೆ. ಮೊದಲೆರಡು ಉತ್ತರಗಳು ಒಂದೇ ಆಗಿರಬೇಕು. ಮೂರನೆಯದೂ ಅದೇ ಆಗಿದ್ದರೆ, ದೋಷವು ಎಲ್ಲಿದೆಯೆಂದು ಅವರಿಗೆ ಈಗ ತಿಳಿದಿದೆ.