ಉದ್ದ ಜಿಗಿತ: ಫೌಲ್ ಹಿಡಿಯಲು ಮಣ್ಣಿನ ಪಟ್ಟಿ, ಮೊಬೈಲ್ ಸಾಕು

2021ರ ಆಗಸ್ಟ್‌ನಲ್ಲಿ ನೈರೋಬಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ, ಬೆಂಗಳೂರಿನಲ್ಲಿ ತರಬೇತಿ ಪಡೆದ ಶೈಲಿ ಸಿಂಗ್ 6.59 ಮೀಟರ್ ಜಿಗಿದರು. ಚಿನ್ನ ತಪ್ಪಿದ್ದು ಒಂದೇ ಸೆಂಟಿಮೀಟರಿಗೆ. ಇಷ್ಟು ಸೂಕ್ಷ್ಮವಾದ ಸ್ಪರ್ಧೆಯಲ್ಲಿ ಫೌಲ್ ತೀರ್ಮಾನವನ್ನು ಬರಿಗಣ್ಣಿಗೆ ಬಿಡುವುದು ನ್ಯಾಯವಲ್ಲ. ಜಿಗಿಯುವ ಪಾದ ಟೇಕ್ ಆಫ್ ಹಲಗೆಯ ಮೇಲಿರುವುದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ ಮಾತ್ರ. ದೊಡ್ಡ ಕೂಟಗಳಲ್ಲಿ ಲೇಸರ್, ವಿಡಿಯೊ ವ್ಯವಸ್ಥೆ ಬಂದಿದೆ. ನಂಜನಗೂಡು ತಾಲ್ಲೂಕಿನ ಕಳಲೆಯಂಥ ಊರಿನ ಶಾಲಾ ಮೈದಾನಕ್ಕೆ ಅಷ್ಟು ಖರ್ಚು ಬೇಕಿಲ್ಲ. ಮಣ್ಣಿನ ಪಟ್ಟಿ, ಒಂದು ಮೊಬೈಲ್ ಇದ್ದರೆ ಸಾಕು; ಅವನ್ನು ಅಣಿಗೊಳಿಸುವ ಕ್ರಮ ತಿಳಿದಿರಬೇಕು.

ಮೊದಲು 1.22 ಮೀಟರ್ ಉದ್ದ, 20 ಸೆಂ.ಮೀ. ಅಗಲದ ಬಿಳಿ ಹಲಗೆಯನ್ನು ಓಟದ ಹಾದಿಯ ಮಟ್ಟಕ್ಕೆ ಹೂಳಿ. ಮರಳು ಗುಂಡಿಯ ಕಡೆಗಿರುವ ಅದರ ಅಂಚೇ ಟೇಕ್ ಆಫ್ ಗೆರೆ. ಜಿಗಿತದ ಅಳತೆಯೂ ಅಲ್ಲಿಂದಲೇ. ವಿಡಿಯೊ ವ್ಯವಸ್ಥೆ ಇಲ್ಲದ ಕೂಟಗಳಲ್ಲಿ ಈ ಅಂಚಿನಾಚೆ 10 ಸೆಂ.ಮೀ. ಅಗಲದ, ಹಲಗೆಗಿಂತ 7 ಮಿ.ಮೀ. ಎತ್ತರದ ಪ್ಲಾಸ್ಟಿಸಿನ್ ಪಟ್ಟಿ ಇಡುತ್ತಾರೆ. ಅದು ಸಿಗದಿದ್ದರೆ ಜರಡಿ ಹಿಡಿದ ಮಣ್ಣಿಗೆ ನೀರು ಚಿಮುಕಿಸಿ, ಅದೇ ಅಳತೆಗೆ ಹರಡಿ ಸವರಿ. ಒಣಗಿದರೆ ಗುರುತು ನಿಲ್ಲದು, ತೀರಾ ಒದ್ದೆಯಾದರೆ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಜಿಗಿತದ ನಂತರ ಮಣ್ಣನ್ನು ನೋಡಿ, ಪಾದದ ಗುರುತಿಲ್ಲದಿದ್ದರೆ ಬಿಳಿ ಬಾವುಟ, ಗುರುತು ಬಿದ್ದು ಫೌಲ್ ಆದರೆ ಕೆಂಪು ಬಾವುಟ ಎತ್ತಿ. ಜಿಗಿದವರಿಗೂ ಗುರುತು ತೋರಿಸಿದ ಮೇಲೆಯೇ ಮಣ್ಣು ಸವರಿ.

ಮಣ್ಣಿಗೂ ಮಿತಿಯಿದೆ. 2021ರ ನವೆಂಬರ್‌ನಿಂದ ಜಾರಿಗೆ ಬಂದ ನಿಯಮದಂತೆ, ನೆಗೆಯುವ ಮುನ್ನ ಪಾದದ ತುದಿ ಗೆರೆಯ ನೇರವನ್ನು ಗಾಳಿಯಲ್ಲಿ ದಾಟಿದರೂ ಫೌಲ್, ನೆಲ ಮುಟ್ಟಲೇಬೇಕೆಂದಿಲ್ಲ. ಮೊಬೈಲ್ ಬೇಕಾಗುವುದು ಇಲ್ಲೇ. ಅದನ್ನು ಹಾದಿಯ ಪಕ್ಕದಲ್ಲಿ, ಗೆರೆಯ ನೇರಕ್ಕೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಅಲುಗದಂತೆ ನಿಲ್ಲಿಸಿ. ಗೆರೆಯ ಎರಡೂ ತುದಿಗಳಲ್ಲಿ ಸ್ಕೇಲ್ ನಿಲ್ಲಿಸಿ ನೋಡಿ: ಹತ್ತಿರದ ಸ್ಕೇಲ್ ದೂರದ್ದನ್ನು ಮರೆಮಾಡಿದರೆ ಕೋನ ಸರಿ. ಓರೆಯಾದರೆ ಒಳ್ಳೆಯ ಜಿಗಿತವೂ ಫೌಲ್‌ನಂತೆ ಕಾಣುತ್ತದೆ. ಸೆಕೆಂಡಿಗೆ 30 ಚಿತ್ರ ಹಿಡಿದರೆ ಪಾದ ಊರಿದ ಹೊತ್ತಿನ ಮೂರ್ನಾಲ್ಕು ಚಿತ್ರಗಳಷ್ಟೇ ಸಿಗುತ್ತವೆ. 240ರ ಸ್ಲೋ ಮೋಷನ್‌ನಲ್ಲಿ ಸುಮಾರು 30.

ಮಕ್ಕಳ ಕೂಟಕ್ಕೆ ಇಷ್ಟೆಲ್ಲ ಏಕೆ ಎನ್ನಬಹುದು. ಆದರೆ ಒಂದು ತಪ್ಪು ಕೆಂಪು ಬಾವುಟ ಇಡೀ ಜಿಗಿತವನ್ನೇ ಅಳಿಸಿಹಾಕುತ್ತದೆ, ಮಗುವಿಗೆ ಸಿಗುವ ಅವಕಾಶಗಳೋ ಬೆರಳೆಣಿಕೆಯವು. ಸಮಯ ಹಾಳಾಗುತ್ತದೆ ಎಂಬ ಆಕ್ಷೇಪಕ್ಕೂ ದಾರಿಯಿದೆ: ಮಣ್ಣಿನ ಗುರುತು ಸ್ಪಷ್ಟವಿದ್ದರೆ ವಿಡಿಯೊ ನೋಡಬೇಡಿ, ಅನುಮಾನ ಬಂದಾಗ ಮಾತ್ರ ನೋಡಿ. ಪೋಷಕರು ತಮ್ಮ ಮೊಬೈಲ್ ಚಾಚಿ ವಾದಕ್ಕಿಳಿದರೆ? ತೀರ್ಪುಗಾರರು ನಿಲ್ಲಿಸಿದ ಮೊಬೈಲ್ ಒಂದೇ ಲೆಕ್ಕಕ್ಕೆ ಎಂದು ಸ್ಪರ್ಧೆಗೆ ಮುನ್ನವೇ ದೈಹಿಕ ಶಿಕ್ಷಣ ಶಿಕ್ಷಕರು ಎಲ್ಲರೆದುರು ಸಾರಿಬಿಡಲಿ. ಸೋತ ಮಗುವಿಗೂ ಸೋಲಿನ ಕಾರಣ ಕಣ್ಣಿಗೆ ಕಂಡರೆ ತಕರಾರಿಗೆ ಎಡೆಯಿರುವುದಿಲ್ಲ.