ಧೈರ್ಯವೂ ಕಲಿತು ಬರುವ ವಿದ್ಯೆ



*ಇಂದಿನ ಧಮ್ಮ ಚಿಂತನೆ: ಉಟ್ಠಾನ ಸಂಪದಾ*



ಅಂಗುತ್ತರ ನಿಕಾಯದ ಅಟ್ಠಕ ನಿಪಾತದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥನೊಬ್ಬ ಬರುತ್ತಾನೆ. ನಾವು ಮಕ್ಕಳುಮರಿಗಳ ಜೊತೆ ಸಂಸಾರ ಮಾಡುವವರು, ಹಣಕಾಸು ಮುಟ್ಟುವವರು, ನಮ್ಮಂಥವರ ಹಿತಕ್ಕೆ ಏನಾದರೂ ಹೇಳಿ ಎಂದು ಅವನು ಭಗವಾನ್ ಬುದ್ಧರನ್ನು ಕೇಳುತ್ತಾನೆ. ಈ ಬದುಕಿನ ಸುಖಕ್ಕೆ ಬುದ್ಧರು ನಾಲ್ಕು ಸಂಗತಿ ಹೇಳುತ್ತಾರೆ.

1. *ಉಟ್ಠಾನ ಸಂಪದಾ:* ಹಿಡಿದ ಕಸುಬಿನಲ್ಲಿ ನಿಪುಣತೆ, ಸೋಮಾರಿತನವಿಲ್ಲದ ದುಡಿಮೆ.
2. *ಆರಕ್ಖ ಸಂಪದಾ:* ದುಡಿದದ್ದನ್ನು ಕಾಪಾಡಿಕೊಳ್ಳುವುದು.
3. *ಕಲ್ಯಾಣಮಿತ್ತತಾ:* ಒಳ್ಳೆಯವರ ಒಡನಾಟ.
4. *ಸಮಜೀವಿತಾ:* ಆದಾಯ ನೋಡಿಕೊಂಡು ಖರ್ಚು ಮಾಡುವುದು.

ಮೊನ್ನೆ ಭಾನುವಾರ ಈ ಪಾಠ ಓದುವಾಗ ಬಳಗದ ಒಬ್ಬ ತಂಗಿ ಕೇಳಿದಳು: "ಅಕ್ಕಾ, ಹೊಲಿಗೆ ಕಲಿತಿದ್ದೀನಿ. ಅಂಗಡಿ ಇಡೋಕೆ ಧೈರ್ಯ ಬರ್ತಿಲ್ಲ. ಧೈರ್ಯ ಹುಟ್ಟಿನಿಂದ ಬರೋದಲ್ವಾ?"

ಹುಟ್ಟಿನಿಂದ ಬಂದದ್ದು ಎಂಬ ಮಾತನ್ನು ನಾವು ಬೇರೆಲ್ಲೂ ಒಪ್ಪುವುದಿಲ್ಲ. ಇಲ್ಲಿ ಮಾತ್ರ ಯಾಕೆ ಒಪ್ಪಬೇಕು? ಹಿಂದಿನ ಜನ್ಮದ ಕರ್ಮ ಇಂದಿನ ಸ್ಥಿತಿಯನ್ನು ನಿರ್ಧರಿಸುತ್ತದೆ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಳ್ಳಿಹಾಕಿದ್ದಾರೆ. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಅಂಜಿಕೆಗೂ ಕಾರಣವಿದೆ, ಧೈರ್ಯಕ್ಕೂ ಕಾರಣವಿದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಕೂಲಿ ಕೇಳಲು ಹೋದಾಗ ನಮ್ಮವ್ವ ಜಗಲಿಯಿಂದ ದೂರ ನಿಂತು ದನಿ ತಗ್ಗಿಸುತ್ತಿದ್ದಳು. ಅದು ಅವಳ ಗುಣವಲ್ಲ. ನಮ್ಮ ಕೇರಿಯಲ್ಲಿ ಅವಳ ದನಿ ನಾಲ್ಕು ಮನೆಗೆ ಕೇಳಿಸುತ್ತಿತ್ತು. ದನಿ ತಗ್ಗಿಸುವುದನ್ನು ಅವಳಿಗೆ ಊರು ಕಲಿಸಿತ್ತು. ಅವಳನ್ನು ನೋಡಿ ನಾನೂ ಕಲಿತೆ. ಕಲಿತದ್ದನ್ನು ಬಿಡಲೂ ಬರುತ್ತದೆ ಎಂದು ನನಗೆ ಗೊತ್ತಾದದ್ದು ತರಬೇತಿಯಲ್ಲಿ.

1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ತರಬೇತಿ ಉಚಿತ, ಊಟ ವಸತಿಯೂ ಅಲ್ಲೇ. ನಾನು ಹೋದದ್ದು ಹೊಲಿಗೆಗೆ. ಹೊಲಿಗೆಯ ಜೊತೆಗೆ ಮಾತನಾಡುವುದು, ಲೆಕ್ಕ ಬರೆಯುವುದು, ಗಿರಾಕಿಯ ಜೊತೆ ನಡೆದುಕೊಳ್ಳುವುದು, ಸಿಟ್ಟು ಬಂದಾಗ ನಿಭಾಯಿಸುವುದು, ಇವನ್ನೂ ಕಲಿಸಿದರು. ಇದಕ್ಕೆ ಜೀವನ ಕೌಶಲ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಹತ್ತು ಕೌಶಲಗಳನ್ನು ಹೆಸರಿಸಿದೆ. ಅದರಲ್ಲಿ ಮುಖ್ಯವಾದ ಒಂದು, ತನ್ನನ್ನು ತಾನು ಅರಿಯುವುದು. ನಮ್ಮ ಸತಿಪಟ್ಠಾನದ ಪಾಠ ನೆನಪಾಗುತ್ತದೆಯಲ್ಲವೇ?

ಅಲ್ಲಿ ಒಂದು ಆಟ ಆಡಿಸಿದರು. ಗೂಟಕ್ಕೆ ರಿಂಗ್ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದೆಂದು ನಾವೇ ಆರಿಸಿಕೊಳ್ಳಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಂತರು. ಕೆಲವರು ಗೋಡೆಗೆ ಬೆನ್ನು ಕೊಟ್ಟು ಎಸೆದು ನಕ್ಕರು. ತರಬೇತಿ ಕೊಡುವ ಮೇಡಂ ಹೇಳಿದರು: ಪಕ್ಕದಲ್ಲಿ ನಿಂತರೆ ಕಳೆದುಕೊಳ್ಳುವುದೂ ಇಲ್ಲ, ಕಲಿಯುವುದೂ ಇಲ್ಲ. ಅತಿ ದೂರ ನಿಂತರೆ ಅದು ಅದೃಷ್ಟದ ಆಟ. ನಿಮ್ಮ ಕೈಗೆ ಎಟುಕುವುದಕ್ಕಿಂತ ಸ್ವಲ್ಪ ಆಚೆ ನಿಲ್ಲಿ, ಎಸೆದು ನೋಡಿ, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ನನಗೆ ಇದು ಮಧ್ಯಮ ಮಾರ್ಗದ ಪಾಠದಂತೆಯೇ ಕೇಳಿಸಿತು.

ಆ ಒಂದೊಂದು ಹೆಜ್ಜೆ ನನಗೆ ಹೀಗಿತ್ತು. ಮೊದಲು ಮನೆಯಲ್ಲೇ ಸೀರೆಗೆ ಫಾಲ್, ಕುಚ್ಚು. ಆಮೇಲೆ ಬ್ಲೌಸ್. ಆಮೇಲೆ ಮೋಟಾರ್ ಮಿಷನ್ನಿಗೆ ಸಾಲ. ಬ್ಯಾಂಕಿನಲ್ಲಿ ಜಾಮೀನಿಗೆ ಯಾರನ್ನಾದರೂ ಕರೆದುಕೊಂಡು ಬಾ ಎಂದರು. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ, ಅದಕ್ಕೆ ಅಡಮಾನ ಜಾಮೀನು ಬೇಕಿಲ್ಲ. ಆ ಮಾತನ್ನು ತರಬೇತಿಯಲ್ಲಿ ಒಬ್ಬಳು ಮ್ಯಾನೇಜರ್, ಒಬ್ಬಳು ಅರ್ಜಿದಾರಳಾಗಿ ಹತ್ತು ಸಲ ಆಡಿ ರೂಢಿ ಮಾಡಿಕೊಂಡಿದ್ದೆವು. "ಸರ್, ಕೊಡೋಕಾಗಲ್ಲ ಅಂದ್ರೆ ಕಾರಣ ಬರೆದು ಕೊಡಿ" ಎಂದೆ. ಕಾಲು ನಡುಗುತ್ತಿತ್ತು, ದನಿ ನಡುಗಲಿಲ್ಲ. ಮೂರನೇ ಸಲ ಹೋದಾಗ ಸಾಲ ಆಯಿತು.

ಊರ ಮುಂದಿನ ಬೀದಿಯಲ್ಲಿ ಅಂಗಡಿ ಇಟ್ಟ ಮೇಲೆ ನಿಜವಾದ ಪರೀಕ್ಷೆ ಬಂತು. ಒಬ್ಬ ಹೆಂಗಸು ಅಳತೆ ಬ್ಲೌಸನ್ನು ಕಟ್ಟೆ ಮೇಲೆ ಇಟ್ಟು ದೂರ ನಿಂತರು. ಅದು ಅವರಿಗೆ ಬಿಗಿಯಾಗುತ್ತಿತ್ತು, ಆದರೂ ಟೇಪು ಮುಟ್ಟಿಸಿಕೊಳ್ಳಲು ಮನಸ್ಸಿಲ್ಲ. ಯಾಕೆಂದು ಇಬ್ಬರಿಗೂ ಗೊತ್ತು. ಉಸಿರನ್ನು ಗಮನಿಸಿದೆ. "ಅಮ್ಮಾ, ಮೈ ಅಳತೆ ತಗೊಂಡ್ರೆ ಮಾತ್ರ ಸರಿಯಾಗಿ ಕೂರುತ್ತೆ. ಎಲ್ಲರಿಗೂ ಹಂಗೇ ಹೊಲಿಯೋದು" ಎಂದೆ. ಅವರು ಬಟ್ಟೆ ತೆಗೆದುಕೊಂಡು ಹೊರಟುಹೋದರು, ಮತ್ತೆ ಬರಲಿಲ್ಲ. ಅವರ ಪಕ್ಕದ ಮನೆಯವರು ಬಂದರು, ಕೈ ಎತ್ತಿ ಅಳತೆ ಕೊಟ್ಟರು. ಎರಡೂ ನಡೆಯುತ್ತದೆ. ಒಬ್ಬ ಗಿರಾಕಿ ಹೋದರೆ 200 ರೂಪಾಯಿ ಹೋಗುತ್ತದೆ. ತಲೆ ತಗ್ಗಿಸಿದ್ದರೆ ಹೋಗುತ್ತಿದ್ದದ್ದು ಅದಕ್ಕಿಂತ ಹೆಚ್ಚು.

ಇದಕ್ಕೆಲ್ಲ ನಾನೊಬ್ಬಳೇ ಕಾರಣಳಲ್ಲ. ಅಂಗಡಿ ಇಟ್ಟ ಮೊದಲ ತಿಂಗಳು ಬಳಗದ ಅಕ್ಕಂದಿರು ದಿನಕ್ಕೊಬ್ಬರಂತೆ ಬಂದು ಕೂರುತ್ತಿದ್ದರು. ಕಲ್ಯಾಣಮಿತ್ತತಾ ಎಂದರೆ ಇದು. ಸಂಜೆ ಲೆಕ್ಕದ ಪುಸ್ತಕ ಬರೆದು ಸಂಘದ ಉಳಿತಾಯ ಕಟ್ಟುವುದು ಆರಕ್ಖ. ಅಕ್ಕನ ಮಗಳ ನಾಮಕರಣಕ್ಕೆ ಬಡ್ಡಿಗೆ ಸಾಲ ಮಾಡದೆ ಇದ್ದುದರಲ್ಲಿ ಮಾಡಿದ್ದು ಸಮಜೀವಿತಾ.

1942ರ ಜುಲೈನಲ್ಲಿ ನಾಗಪುರದ ಶೋಷಿತ ವರ್ಗಗಳ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ತಾಯಂದಿರಿಗೆ ಹೇಳಿದ್ದು ಇದನ್ನೇ. ಮಕ್ಕಳಿಗೆ ವಿದ್ಯೆ ಕೊಡಿ, ದೊಡ್ಡ ಆಸೆ ಬಿತ್ತಿ, ಅವರೊಳಗಿನ ಕೀಳರಿಮೆ ತೆಗೆಯಿರಿ, ಮದುವೆಗೆ ಅವಸರ ಬೇಡ ಎಂದರು. ಕೀಳರಿಮೆ ತೆಗೆಯಬಹುದಾದದ್ದು ಎಂದು ನಂಬಿದವರು ಮಾತ್ರ ಹಾಗೆ ಹೇಳಬಲ್ಲರು.

*ಇಂದಿನ ಅಭ್ಯಾಸ*

• ನೀವು ದನಿ ತಗ್ಗಿಸುವ ಒಂದು ಜಾಗವನ್ನು ಗುರುತಿಸಿ. ಅದನ್ನು ಎಲ್ಲಿ, ಯಾರಿಂದ ಕಲಿತಿರಿ ಎಂದು ನೋಡಿ.
• ಅಲ್ಲಿ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಮನೆಯವರ ಮುಂದೆ ಗಟ್ಟಿಯಾಗಿ ಹತ್ತು ಸಲ ಹೇಳಿ.
• ನಿಮ್ಮ ಕೇರಿಯಲ್ಲಿ ಕಸುಬು ಕಲಿತು ಮನೆಯಲ್ಲೇ ಕೂತ ಹುಡುಗಿ ಇದ್ದರೆ, ಅವಳು ಬ್ಯಾಂಕಿಗೆ ಹೋಗುವ ದಿನ ಜೊತೆಗೆ ಹೋಗಿ. ಮಾತು ಅವಳೇ ಆಡಲಿ.

ಓದಿ, ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ, ಬಂಧುಗಳಿಗೆ ಕಳುಹಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ.